ಫೋಟೋ ನೋಡಿ ಬಿಡಿಸಬಲ್ಲೆ, ಸ್ವಂತ ಚಿತ್ರ ಮಾತ್ರ ಹೊಳೆಯುವುದಿಲ್ಲ. ಏನು ಮಾಡಲಿ?

ಖಾಲಿಹಾಳೆ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಪೆನ್ಸಿಲ್, ಜಲವರ್ಣ ಎರಡರಲ್ಲೂ ಕೈ ತಕ್ಕಮಟ್ಟಿಗೆ ಪಳಗಿದೆ. ಫೋಟೋ ಎದುರಿಗಿದ್ದರೆ ಮುಖ, ಕೈ, ಬಟ್ಟೆಯ ಮಡಿಕೆ ಎಲ್ಲ ಸರಿಯಾಗಿ ಬರುತ್ತದೆ. ನೋಡಿದವರು ಥೇಟ್ ಫೋಟೋ ಅನ್ನುತ್ತಾರೆ. ಆದರೆ ಫೋಟೋ ಪಕ್ಕಕ್ಕಿಟ್ಟು ಬಿಳಿ ಹಾಳೆ ಮುಂದೆ ಕೂತರೆ ಏನೂ ತೋಚುವುದಿಲ್ಲ. ತೋಚಿದರೂ ಎಲ್ಲೋ ನೋಡಿದ್ದೇ: ಮುಳುಗುವ ಸೂರ್ಯ, ಒಂಟಿ ಮರ, ಬೆನ್ನು ತೋರಿಸಿ ನಿಂತ ಹುಡುಗಿ.

ಕೊಲಾಜ್ ಮಾಡಿದರೆ ಸ್ವಂತ ಚಿತ್ರ ಕಟ್ಟುವುದು ರೂಢಿಯಾಗುತ್ತದೆ ಅಂತ ಗೆಳತಿಯೊಬ್ಬಳು ಹೇಳಿದಳು. ಬೇರೆಯವರ ಚಿತ್ರ ಕತ್ತರಿಸಿ ಅಂಟಿಸಿದರೆ ಅದು ನನ್ನದು ಹೇಗಾಗುತ್ತದೆ ಅನ್ನುವುದೇ ನನಗೆ ಅರ್ಥವಾಗುತ್ತಿಲ್ಲ. ಎಲ್ಲಿಂದ ಶುರು ಮಾಡಲಿ?

ಗೆರೆಪ್ರಿಯ:

ಕೊಲಾಜ್ ಬಗ್ಗೆ ನನಗೆ ಜಾಸ್ತಿ ಗೊತ್ತಿಲ್ಲ. ಒಂದು ಅಭ್ಯಾಸ ಮಾತ್ರ ಹೇಳುತ್ತೇನೆ. ಒಂದು ವಸ್ತುವನ್ನು ಚೆನ್ನಾಗಿ ನೋಡಿ. ಆಮೇಲೆ ಬೇರೆ ಕೋಣೆಗೆ ಹೋಗಿ ನೆನಪಿನಿಂದ ಬಿಡಿಸಿ. ಮರೆತ ಜಾಗದಲ್ಲಿ ಕೈ ಏನಾದರೂ ಸೇರಿಸುತ್ತದೆ. ಅದನ್ನು ಅಳಿಸಬೇಡಿ. ಫೋಟೋದಲ್ಲಿ ಇಲ್ಲದ್ದು ಅಲ್ಲೇ ಹುಟ್ಟುವುದು.

ಕತ್ತರಿಕಾಗದ:

ಗೆರೆಪ್ರಿಯ ಅವರು ಹೇಳಿದ್ದು ಸರಿ. ಅದನ್ನೇ ಇನ್ನೂ ಮುಂದಕ್ಕೆ ಎಳೆಯುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಓದಿ.

ಮೊದಲು, ಹೊಳೆಯಲಿ ಅಂತ ಕಾಯುವುದನ್ನು ಬಿಟ್ಟುಬಿಡಿ. ತಲೆಯಲ್ಲಿ ಚಿತ್ರ ಪೂರ್ತಿ ತಯಾರಾಗಿ ಆಮೇಲೆ ಕೈಗೆ ಇಳಿಯುವುದು ತೀರಾ ಅಪರೂಪ. ಹಾಳೆಯ ಮೇಲೆ ಮೊದಲೇ ಏನಾದರೂ ಇರಬೇಕು, ಆಗ ಕಣ್ಣಿಗೆ ಕೆಲಸ ಸಿಗುತ್ತದೆ. ರವೀಂದ್ರನಾಥ ಟ್ಯಾಗೋರರನ್ನೇ ನೋಡಿ. ಕವಿತೆಯ ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಪದಗಳನ್ನು ಅವರು ಹಾಗೇ ಬಿಡುತ್ತಿರಲಿಲ್ಲ. ಆ ಕಾಟುಗಳನ್ನು ಒಂದಕ್ಕೊಂದು ಸೇರಿಸುತ್ತಾ ಹೋಗಿ ವಿಚಿತ್ರ ಹಕ್ಕಿ, ಪ್ರಾಣಿ, ಮುಖಗಳನ್ನು ಮಾಡಿದರು. ಚಿತ್ರಕಲೆಗೆ ನಿಜವಾಗಿ ಇಳಿದದ್ದು ಅರವತ್ತು ದಾಟಿದ ಮೇಲೆ. 1930ರಲ್ಲಿ ಪ್ಯಾರಿಸ್‌ನಲ್ಲಿ ಪ್ರದರ್ಶನವೂ ಆಯಿತು. ಜರ್ಮನಿಯ ಕಲಾವಿದ ಮ್ಯಾಕ್ಸ್ ಅರ್ನ್ಸ್ಟ್ 1925ರಲ್ಲಿ ನೆಲದ ಮರದ ಹಲಗೆಗಳ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿದ. ಮೂಡಿದ ಗೆರೆಗಳಲ್ಲಿ ಕಾಡು, ಪ್ರಾಣಿ ಕಾಣುತ್ತಾ ಹೋದವು. ಇಬ್ಬರೂ ಬಿಳಿ ಹಾಳೆಯಿಂದ ಶುರು ಮಾಡಲಿಲ್ಲ ಅನ್ನುವುದನ್ನು ಗಮನಿಸಿ.

ಈಗ ನಾನು ಮಾಡುವ ಕ್ರಮ.

ಒಂದೇ ಒಂದು ವಸ್ತು ಆರಿಸಿ, ಎದುರಿಗೆ ಇಟ್ಟುಕೊಂಡೇ ಬಿಡಿಸಿ. ಫೋಟೋ ಬೇಡ. ನನ್ನದು ಮುರಿದ ಕೊಡೆ ಆಗಿತ್ತು. ಬಿಚ್ಚಿದ್ದು, ಅರ್ಧ ಮಡಚಿದ್ದು, ಕೆಳಗಿಂದ ಕಂಡದ್ದು, ಬರೀ ಕಡ್ಡಿಗಳು, ಬರೀ ಹಿಡಿ. ಕೆಲವು ಪೆನ್ಸಿಲ್‌ನಲ್ಲಿ, ಕೆಲವು ಇಂಕು ಮತ್ತು ದಪ್ಪ ಬ್ರಷ್‌ನಲ್ಲಿ. ಕೆಲವನ್ನು ಹಾಳೆ ನೋಡದೆ, ಕೊಡೆಯನ್ನು ಮಾತ್ರ ನೋಡುತ್ತಾ. ಚೆಂದ ಬರಬೇಕಾಗಿಲ್ಲ, ಸಾಮಗ್ರಿ ಸಾಕಷ್ಟು ಇರಬೇಕು ಅಷ್ಟೇ.

ಇನ್ನೊಂದು ಕಡೆ ಬಣ್ಣದ ಕಾಗದಗಳನ್ನು ನೀವೇ ತಯಾರಿಸಿ. ಒಂದು ಹಾಳೆಗೆ ಸಮನಾಗಿ ಪೋಸ್ಟರ್ ಬಣ್ಣ ಬಳಿಯಿರಿ. ಇನ್ನೊಂದಕ್ಕೆ ಒಣ ಬ್ರಷ್ ಎಳೆಯಿರಿ. ಮತ್ತೊಂದರಲ್ಲಿ ಬಣ್ಣ ಹಸಿ ಇರುವಾಗಲೇ ಬಾಚಣಿಗೆ ಎಳೆಯಿರಿ. ಪೂರ್ತಿ ಒಣಗಲಿ.

ಆಮೇಲೆ ಕೊಡೆಯ ಚಿತ್ರಗಳನ್ನು ಕತ್ತರಿಸಿ. ಇಲ್ಲಿ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು. ಆಕಾರದ ಸುತ್ತ ನೀಟಾಗಿ ಕತ್ತರಿಸಿದರೆ ಕೊಡೆ ಕೊಡೆಯಾಗಿಯೇ ಉಳಿಯುತ್ತದೆ. ಅಡ್ಡಡ್ಡ ಕತ್ತರಿಸಿ, ಕೆಲವನ್ನು ಕೈಯಲ್ಲೇ ಹರಿಯಿರಿ. ಹರಿದ ಅಂಚಿನಲ್ಲಿ ಕಾಗದದ ಬಿಳಿ ಒಳಮೈ ಕಾಣುತ್ತದೆ. ಆ ಬಿಳಿ ಅಂಚನ್ನೇ ಗೆರೆಯ ಹಾಗೆ ಬಳಸಬಹುದು, ಬೇಡವಾದರೆ ಕತ್ತರಿ ಆಡಿಸಿ ತೆಗೆಯಬಹುದು.

ತುಂಡುಗಳನ್ನು ಬೂದು ಹಾಳೆಯ ಮೇಲೆ ಹರಡಿ ಸರಿಸುತ್ತಾ ಹೋಗಿ. ಕೊಡೆಯ ಕಡ್ಡಿ ಮಡಚುವ ಕೀಲು ಇರುತ್ತದಲ್ಲ, ನನ್ನ ಹತ್ತಿರ ಆ ತುಂಡು ತಲೆಕೆಳಗಾಗಿ ಬಿದ್ದಿತ್ತು. ಪಕ್ಕದಲ್ಲಿ ಬಾಚಣಿಗೆ ಎಳೆದ ಕೆಮ್ಮಣ್ಣು ಬಣ್ಣದ ಕಾಗದ. ನೋಡುತ್ತಿದ್ದ ಹಾಗೆ ಕೀಲು ದೊಡ್ಡ ಮಿಡತೆಯ ಮೊಣಕಾಲಾಯಿತು, ಕಾಗದ ಉತ್ತ ಹೊಲವಾಯಿತು. ಕೊಡೆಯ ಹಿಡಿಯನ್ನು ಮೇಲೆ ತಂದಿಟ್ಟೆ, ಅದು ಬಾಗಿದ ಕತ್ತು. ಹೊಲಕ್ಕಿಂತ ದೊಡ್ಡ ಪ್ರಾಣಿಯೊಂದು ಮಣ್ಣು ಮೂಸುತ್ತಾ ನಿಂತಿತ್ತು. ಎಷ್ಟು ಯೋಚಿಸಿದ್ದರೂ ನನಗೆ ಅದು ಹೊಳೆಯುತ್ತಿರಲಿಲ್ಲ. ಆದರೆ ಪ್ರತಿ ಗೆರೆಯೂ ನನ್ನ ಕೈಯದೇ.

ಅಂಟಿಸಲು ಅವಸರ ಬೇಡ. ಮೊಬೈಲ್‌ನಲ್ಲಿ ಒಂದು ಫೋಟೋ ತೆಗೆದು ಕಪ್ಪುಬಿಳುಪು ಮಾಡಿ ನೋಡಿ. ಎಲ್ಲ ಒಂದೇ ಬೂದು ಆಗಿ ಕಂಡರೆ ಕಡುಬಣ್ಣ, ತಿಳಿಬಣ್ಣಗಳ ಅಂತರ ಸಾಲದು ಅಂತ ಅರ್ಥ. ಮತ್ತೆ ಸರಿಸಿ, ಮತ್ತೊಂದು ಫೋಟೋ. ಫ್ರೆಂಚ್ ಚಿತ್ರಕಾರ ಆನ್ರಿ ಮಾಟಿಸ್ 1941ರಲ್ಲಿ ದೊಡ್ಡ ಶಸ್ತ್ರಚಿಕಿತ್ಸೆ ಆದ ಮೇಲಿನ ವರ್ಷಗಳಲ್ಲಿ ಹೆಚ್ಚೆಚ್ಚು ಕತ್ತರಿ ಹಿಡಿದ. ಸಹಾಯಕರು ಬಣ್ಣ ಬಳಿದುಕೊಟ್ಟ ಹಾಳೆಗಳನ್ನು ಕತ್ತರಿಸಿ, ಪಿನ್ ಹಾಕಿ ಗೋಡೆಗೆ ಸಿಕ್ಕಿಸಿ, ಜಾಗ ಬದಲಿಸುತ್ತಾ ಇರುತ್ತಿದ್ದ. ಪಿನ್ ಇದ್ದರೆ ಮನಸ್ಸು ಬದಲಿಸಬಹುದು, ಅಲ್ವಾ?

ಕೊನೆಗೆ ಆ ಜೋಡಣೆಯನ್ನು ಎದುರಿಗಿಟ್ಟುಕೊಂಡು ಪೇಂಟಿಂಗ್ ಮಾಡಿ. ಇದನ್ನು ದಯವಿಟ್ಟು ಬಿಡಬೇಡಿ. ಕತ್ತರಿ ಎಲ್ಲ ಅಂಚನ್ನೂ ಒಂದೇ ಥರ ಚೂಪು ಮಾಡಿರುತ್ತದೆ. ಬಣ್ಣದಲ್ಲಿ ಮಾಡುವಾಗ ಯಾವುದು ಚೂಪಾಗಿ ಉಳಿಯಬೇಕು, ಯಾವುದು ಹಿನ್ನೆಲೆಯಲ್ಲಿ ಕರಗಬೇಕು ಅಂತ ನೀವೇ ತೀರ್ಮಾನಿಸಬೇಕಾಗುತ್ತದೆ. ನನ್ನ ಪ್ರಾಣಿಯ ಕಾಲು ಚೂಪಾಗಿಯೇ ಉಳಿಯಿತು, ಬೆನ್ನು ಮಂಜಿನೊಳಗೆ ಹೋಯಿತು. ಕೊಲಾಜ್‌ನಲ್ಲಿ ಮಂಜು ಇರಲೇ ಇಲ್ಲ.

ಬೇರೆಯವರ ಚಿತ್ರದ ಪ್ರಶ್ನೆಗೆ: 1912ರಲ್ಲಿ ಪಿಕಾಸೊ ಬೆತ್ತದ ಹೆಣಿಗೆ ಅಚ್ಚಾಗಿದ್ದ ಆಯಿಲ್‌ಕ್ಲಾತ್ (ಎಣ್ಣೆ ಲೇಪದ ಬಟ್ಟೆ) ತುಂಡನ್ನು ಕ್ಯಾನ್ವಾಸಿಗೆ ಅಂಟಿಸಿ, ಸುತ್ತ ಹಗ್ಗವನ್ನೇ ಚೌಕಟ್ಟು ಮಾಡಿದ. ಹೆಣಿಗೆ ಅವನು ಬಿಡಿಸಿದ್ದಲ್ಲ. ಆದರೆ ಅದನ್ನು ಬಣ್ಣದ ಪಕ್ಕ ತಂದದ್ದು ಅವನೇ. ಜರ್ಮನಿಯ ಕಲಾವಿದೆ ಹಾನ್ನಾ ಹೋಖ್ ಪತ್ರಿಕೆಗಳ ಫೋಟೋಗಳನ್ನು ಕತ್ತರಿಸಿಯೇ ತನ್ನ ಕಾಲದ ರಾಜಕೀಯವನ್ನು ಸೀಳಿ ತೋರಿಸಿದಳು. ಆ ದಾರಿ ದೊಡ್ಡದೇ. ಆದರೂ ಕಲಿಯುವಾಗ ಸ್ವಂತ ರೇಖಾಚಿತ್ರಗಳನ್ನೇ ಕತ್ತರಿಸಿ ಅನ್ನುತ್ತೇನೆ. ಪತ್ರಿಕೆಯ ಫೋಟೋ ತುಂಬಾ ಮುಗಿದ ವಸ್ತು, ಅದರ ಸೊಗಸು ನಿಮ್ಮನ್ನು ಆಳಿಬಿಡುತ್ತದೆ. ಇನ್ನೊಂದು ವಿಷಯ, ಬೇರೆಯವರ ಫೋಟೋಗೆ ಹಕ್ಕುಸ್ವಾಮ್ಯ ಇದ್ದರೆ, ಕತ್ತರಿಸಿದ ಮಾತ್ರಕ್ಕೆ ಅದು ಹೋಗುವುದಿಲ್ಲ. ಮಾರುವ ಯೋಚನೆ ಇದ್ದರೆ ಜಾಗ್ರತೆ.

ಖಾಲಿಹಾಳೆ:

ತುಂಬಾ ಥ್ಯಾಂಕ್ಸ್, ಕತ್ತರಿಕಾಗದ ಅವರೇ. ನೀವು ಹೇಳಿದ ಹಾಗೇ ಹೊಲಿಗೆ ಮಷಿನ್ ಇಟ್ಟುಕೊಂಡು ಮಾಡಿದೆ. ಬಿಡಿಸುವಾಗ ಖುಷಿಯಾಯಿತು. ಚಕ್ರ, ಸೂಜಿ, ದಾರದ ದಾರಿ ಎಲ್ಲ ಬೇರೆ ಬೇರೆ ನೋಡಿದರೆ ಚೆನ್ನಾಗಿವೆ. ಒಟ್ಟಿಗೆ ಇಟ್ಟರೆ ಬರೀ ಗಲಿಬಿಲಿ. ಒಂದು ಭಾಗ ಅಂಟಿಸಿಯೂ ನೋಡಿದೆ, ಕಾಗದ ಗುಳ್ಳೆ ಎದ್ದು ಸುಕ್ಕಾಯಿತು.

ಅಂಟಿನಡಬ್ಬಿ:

ಸುಕ್ಕಿಗೆ ಕಾರಣ ನೀರು. ಬಿಳಿ ಅಂಟಿನಲ್ಲಿ ನೀರು ಇರುತ್ತದೆ, ಕಾಗದ ಅದನ್ನು ಕುಡಿದು ಹಿಗ್ಗುತ್ತದೆ. ತುಂಡು ಒಂದಷ್ಟು ಹಿಗ್ಗಿ, ಕೆಳಗಿನ ಹಾಳೆ ಇನ್ನೊಂದಷ್ಟು ಹಿಗ್ಗಿದರೆ ಗುಳ್ಳೆ ಖಂಡಿತ. ಅಂಟನ್ನು ತೆಳ್ಳಗೆ, ಅಂಚಿನವರೆಗೂ ಹಚ್ಚಿ. ನಡುವಿನಿಂದ ಹೊರಕ್ಕೆ ಬಟ್ಟೆಯಿಂದ ಒತ್ತಿ ಗಾಳಿ ತೆಗೆಯಿರಿ. ಮೇಲೆ ಬಟರ್ ಪೇಪರ್ ಇಟ್ಟು, ಭಾರದ ಪುಸ್ತಕ ಹೇರಿ ರಾತ್ರಿಯಿಡೀ ಬಿಡಿ. ಕೆಳಗಿನ ಹಾಳೆ ದಪ್ಪ ಇರಲಿ. ಆದರೂ ಬಾಗಿದರೆ ಹಿಂಬದಿಗೂ ಒಂದು ಕಾಗದ ಅಂಟಿಸಿ, ಎರಡೂ ಕಡೆಯ ಎಳೆತ ಸಮ ಆಗುತ್ತದೆ. ಚಿಕ್ಕ ತುಂಡಿಗೆ ಗ್ಲೂ ಸ್ಟಿಕ್ ಸಾಕು. ಹಾಗೇ, ನ್ಯೂಸ್‌ಪ್ರಿಂಟ್ (ದಿನಪತ್ರಿಕೆಯ ಕಾಗದ) ಬೇಗ ಹಳದಿಯಾಗುತ್ತದೆ. ಬಹಳ ದಿನ ಉಳಿಯಬೇಕಾದ ಕೆಲಸಕ್ಕೆ ಅದು ಬೇಡ.

ಕತ್ತರಿಕಾಗದ:

ಹೊಲಿಗೆ ಮಷಿನ್ ಒಳ್ಳೆಯ ಆಯ್ಕೆ. ಗಲಿಬಿಲಿ ಆಗಿರುವುದು ಬಹುಶಃ ಎಲ್ಲ ತುಂಡುಗಳೂ ಒಂದೇ ಅಳತೆ ಇರುವುದರಿಂದ. ಎಲ್ಲವೂ ಒಟ್ಟಿಗೆ ಮಾತಾಡಿದರೆ ಯಾವುದೂ ಕೇಳಿಸುವುದಿಲ್ಲ. ಚಕ್ರವನ್ನು ಮತ್ತೆ ಬಿಡಿಸಿ, ಈ ಸಲ ಹಾಳೆಯಿಂದ ಆಚೆ ಹೋಗುವಷ್ಟು ದೊಡ್ಡದಾಗಿ. ಸೂಜಿ ಬೆರಳುಗುರಿನಷ್ಟೇ ಇರಲಿ. ಹಾಳೆಯ ಒಂದು ಕಡೆ ಏನೂ ಇಡಬೇಡಿ.

ಈಗ ಇರುವುದನ್ನು ಎಸೆಯಬೇಡಿ. ರಟ್ಟಿನಿಂದ ಎಲ್ ಆಕಾರದ ಎರಡು ಪಟ್ಟಿ ಕತ್ತರಿಸಿ. ಎರಡನ್ನೂ ಎದುರುಬದುರು ಇಟ್ಟರೆ ಹಿರಿದು ಕಿರಿದು ಮಾಡಬಹುದಾದ ಕಿಟಕಿ ಆಗುತ್ತದೆ. ಅದನ್ನು ಆ ಗಲಿಬಿಲಿಯ ಮೇಲೆ ನಿಧಾನವಾಗಿ ಓಡಿಸಿ, ತಿರುಗಿಸಿ. ಅಂಗೈಯಗಲದ ಜಾಗದಲ್ಲಿ ಎಲ್ಲೋ ಒಂದು ಚಿತ್ರ ಕೂತಿರುತ್ತದೆ. ಅದನ್ನೇ ದೊಡ್ಡದು ಮಾಡಿ ಬಿಡಿಸಿ. ಸುಕ್ಕಾದ ಭಾಗವೂ ಆ ಕಿಟಕಿಯೊಳಗೆ ಬರಲಿ, ಸುಕ್ಕಿನ ನೆರಳಿಗೆ ಬಣ್ಣ ಹಾಕುವುದು ಬಲು ಚೆಂದದ ಕೆಲಸ. ಮೂರ್ನಾಲ್ಕು ಚೌಕಟ್ಟು ಸಿಕ್ಕಿದರೆ ಫೋಟೋ ಇಲ್ಲಿ ಹಾಕಿ, ಯಾವುದನ್ನು ಪೇಂಟಿಂಗ್‌ಗೆ ಒಯ್ಯಬಹುದು ಅಂತ ಒಟ್ಟಿಗೆ ನೋಡೋಣ.