ಕ್ರಿಸ್ಮಸ್ ದಿನದ ಮನೆ ರಸಪ್ರಶ್ನೆ: ‘ಜ್ಞಾನಿಗಳು ಎಷ್ಟು ಮಂದಿ?’ ಎಂಬುದಕ್ಕೆ ಅಂಕ ಕೊಡುವುದು ಹೇಗೆ?

ಗೋದಲಿ ಹುಲ್ಲು, ಮಂಗಳೂರು

ಎಲ್ಲರಿಗೂ ನಮಸ್ಕಾರ. ನಮ್ಮದು ಮಂಗಳೂರಿನ ಕಥೊಲಿಕ್ ಕುಟುಂಬ. ಡಿಸೆಂಬರ್ 25ರ ಮಧ್ಯಾಹ್ನ ಸನ್ನ, ಬಫಾತಿನ ಊಟ ಮುಗಿದ ಮೇಲೆ, ಹಿರಿಯರು ನಿದ್ದೆಗೆ ಜಾರುವ ಮುನ್ನವೇ ಎಲ್ಲರನ್ನೂ ಚಾವಡಿಯಲ್ಲಿ ಕೂರಿಸಿ ಕ್ರಿಸ್ಮಸ್ ಸಂಪ್ರದಾಯಗಳ ಕುರಿತು ರಸಪ್ರಶ್ನೆ ನಡೆಸುವುದು ಕೆಲವು ವರ್ಷಗಳಿಂದ ನಮ್ಮ ಮನೆಯ ರೂಢಿಯಾಗಿದೆ. ಏಳು ವರ್ಷದ ಮಗುವಿನಿಂದ ಹಿಡಿದು 81 ವರ್ಷದ ಅಜ್ಜಿಯವರೆಗೆ ಹದಿನಾರು ಮಂದಿ ಸೇರುತ್ತೇವೆ. ಚೀಟಿ ಎತ್ತಿ ಎರಡು ತಂಡ ಮಾಡುತ್ತೇವೆ. ಗೆದ್ದವರಿಗೆ ಕುಸ್ವಾರ್, ಅಂದರೆ ಕ್ರಿಸ್ಮಸ್ ತಿಂಡಿಗಳ ಡಬ್ಬಿಯಲ್ಲಿ ಉಳಿದಿರುವ ನೆವ್ರಿಗಳು (ಕರಿಗಡುಬಿನಂಥ ಸಿಹಿ), ಸೋತವರಿಗೆ ಊಟದ ಪಾತ್ರೆ ತೊಳೆಯುವ ಕೆಲಸ. ಪ್ರಶ್ನೆ ಬರೆಯುವ ಹೊಣೆ ನನ್ನದು.

ಕಳೆದ ವರ್ಷ ಕೊನೆಯ ಸುತ್ತಿನಲ್ಲಿ ‘ಬಾಲಯೇಸುವನ್ನು ನೋಡಲು ಬಂದ ಜ್ಞಾನಿಗಳು ಎಷ್ಟು ಮಂದಿ?’ ಎಂದು ಕೇಳಿದೆ. ನಮ್ಮ ಬಾಪ್ಪು, ಅಂದರೆ ಚಿಕ್ಕಪ್ಪ, ‘ಮೂವರು’ ಎಂದರು. ನನ್ನ ಚೀಟಿಯಲ್ಲಿಯೂ ಅದೇ ಉತ್ತರವಿತ್ತು. ಆದರೆ ಎದುರು ತಂಡದಲ್ಲಿದ್ದ ಅಕ್ಕನ ಮಗ, ಹದಿನಾಲ್ಕರ ಹುಡುಗ, ಎದ್ದುಹೋಗಿ ಬೈಬಲ್ ತಂದು ಮತ್ತಾಯನ ಸುವಾರ್ತೆಯ ಎರಡನೆಯ ಅಧ್ಯಾಯವನ್ನು ಗಟ್ಟಿಯಾಗಿ ಓದಿದ. ಅದರಲ್ಲಿ ಸಂಖ್ಯೆಯೇ ಇರಲಿಲ್ಲ. ನಾನು ಅಂಕ ಹಿಂತೆಗೆದುಕೊಂಡೆ, ಬಾಪ್ಪುವಿನ ತಂಡ ಆ ಒಂದೇ ಅಂಕದಿಂದ ಸೋತಿತು. ‘ಹಾಗಾದರೆ ನಲವತ್ತು ವರ್ಷಗಳಿಂದ ನಾನು ಗೋದಲಿಯಲ್ಲಿ ಇಡುತ್ತಿರುವುದು ಯಾರನ್ನು?’ ಎಂದಷ್ಟೇ ಕೇಳಿ ಅವರು ಪಾತ್ರೆ ತೊಳೆಯಲು ಹೋದರು. ಆ ಸಂಜೆ ಮತ್ತೆ ಮಾತನಾಡಲಿಲ್ಲ.

ನನ್ನ ತೀರ್ಪು ಸರಿಯಿತ್ತೇ? ಈ ವರ್ಷಕ್ಕೆ ಬರೆದಿರುವ ಎರಡು ಪ್ರಶ್ನೆಗಳ ಬಗ್ಗೆಯೂ ಸಂದೇಹವಿದೆ. ಒಂದು: ಸಾಂತಾ ಕ್ಲಾಸ್‌ಗೆ ಕೆಂಪು ಬಟ್ಟೆ ತೊಡಿಸಿದ ಕಂಪನಿ ಯಾವುದು? ಉತ್ತರ: ಕೋಕಾ ಕೋಲಾ. ಇನ್ನೊಂದು: ಆರ್ಥೊಡಾಕ್ಸ್ ಕ್ರೈಸ್ತರು ಕ್ರಿಸ್ಮಸ್ ಆಚರಿಸುವುದು ಯಾವ ದಿನ? ಉತ್ತರ: ಜನವರಿ 7. ಇದಲ್ಲದೆ, ಫೋನಿನಲ್ಲಿ ಎಲ್ಲವನ್ನೂ ಓದಿಕೊಂಡು ಬರುವ ಮಕ್ಕಳೇ ಪಟಪಟನೆ ಉತ್ತರಿಸುತ್ತಾರೆ. ಅಜ್ಜಿ ಮೂರು ವರ್ಷಗಳಿಂದ ಒಂದು ಅಂಕವನ್ನೂ ಗಳಿಸಿಲ್ಲ. ಇದಕ್ಕೆ ಏನು ಮಾಡಬಹುದು?

ನಿವೃತ್ತ ಮೇಷ್ಟ್ರು, ಧಾರವಾಡ

ತಪ್ಪು ನಿಮ್ಮ ಬಾಪ್ಪುವಿನದಲ್ಲ, ಪ್ರಶ್ನೆಯದು. ಯಾವ ಆಧಾರದ ಮೇಲೆ ಉತ್ತರ ಹೇಳಬೇಕೆಂಬುದನ್ನು ಪ್ರಶ್ನೆಯೊಳಗೇ ಹೇಳದೆ, ಉತ್ತರ ಬಂದ ಮೇಲೆ ಆಧಾರವನ್ನು ಬದಲಿಸಿದರೆ ಯಾರಿಗಾದರೂ ನೋವಾಗುತ್ತದೆ.

ಮತ್ತಾಯನು ಮೂಡಣ ದೇಶದ ಜೋಯಿಸರು ಬಂದರೆನ್ನುತ್ತಾನೆ, ಎಷ್ಟು ಮಂದಿ ಎನ್ನುವುದಿಲ್ಲ. ಅವರು ಅರ್ಪಿಸಿದ ಕಾಣಿಕೆಗಳನ್ನು ಮಾತ್ರ ಚಿನ್ನ, ಧೂಪ, ರಕ್ತಬೋಳ ಎಂದು ಹೆಸರಿಸುತ್ತಾನೆ. ಮೂರು ಕಾಣಿಕೆಗಳಿದ್ದುದರಿಂದ ತಂದವರೂ ಮೂವರಾದರು, ಮುಂದೆ ಅವರಿಗೆ ರಾಜರ ಪಟ್ಟವೂ ಗಾಸ್ಪರ್, ಮೆಲ್ಕಿಯೋರ್, ಬಲ್ತಜಾರ್ ಎಂಬ ಹೆಸರುಗಳೂ ಪಶ್ಚಿಮದ ಸಭೆಯ ಪರಂಪರೆಯಲ್ಲಿ ಬಂದು ಸೇರಿದವು. ಅವರು ಬಂದದ್ದು ‘ಮನೆಯೊಳಗೆ’ ಎಂದು ಅದೇ ಅಧ್ಯಾಯದಲ್ಲಿದೆ. ಗೋದಲಿಯ ಮಾತು ಬರುವುದು ಲೂಕನ ಸುವಾರ್ತೆಯಲ್ಲಿ, ಅಲ್ಲಿ ಬಂದವರು ಕುರುಬರು. ಎರಡು ಸುವಾರ್ತೆಗಳ ಕಥೆಯನ್ನು ಒಂದೇ ಚಪ್ಪರದಡಿ ತಂದು ಕೂರಿಸುವುದು ನಮ್ಮ ಗೋದಲಿಗಳ ಕೆಲಸ. ಎತ್ತು, ಕತ್ತೆಗಳೂ ಲೂಕನಲ್ಲಿಲ್ಲ. 1223ರಲ್ಲಿ ಇಟಲಿಯ ಗ್ರೆಚ್ಚೋ ಎಂಬ ಊರಿನಲ್ಲಿ ಅಸಿಸಿಯ ಸಂತ ಫ್ರಾನ್ಸಿಸ್ ಹುಲ್ಲು ಹಾಸಿದ ಗೋದಲಿಯ ಬಳಿ ಜೀವಂತ ಎತ್ತು ಮತ್ತು ಕತ್ತೆಯನ್ನು ನಿಲ್ಲಿಸಿ ಕ್ರಿಸ್ಮಸ್ ಆಚರಿಸಿದ್ದರು. ಮನೆಮನೆಯ ಗೋದಲಿಗಳ ಮೂಲವನ್ನು ಹೇಳುವಾಗ ಜನ ಆ ರಾತ್ರಿಯನ್ನೇ ನೆನೆಯುತ್ತಾರೆ. ಆದ್ದರಿಂದ ‘ಮತ್ತಾಯನು ಜ್ಞಾನಿಗಳ ಸಂಖ್ಯೆ ಎಷ್ಟೆಂದು ಹೇಳುತ್ತಾನೆ?’ ಎಂಬುದು ಒಂದು ಪ್ರಶ್ನೆ, ‘ನಮ್ಮ ಗೋದಲಿಯಲ್ಲಿ ಎಷ್ಟು ಜ್ಞಾನಿಗಳ ಬೊಂಬೆಗಳಿವೆ?’ ಎಂಬುದು ಇನ್ನೊಂದು ಪ್ರಶ್ನೆ. ಎರಡಕ್ಕೂ ತಲಾ ಒಂದು ಅಂಕವಿಡಿ.

ಕೋಕಾ ಕೋಲಾ ಪ್ರಶ್ನೆಯನ್ನು ಹರಿದು ಹಾಕಿ. ಆ ಕಂಪನಿಯ ಪ್ರಸಿದ್ಧ ಸಾಂತಾ ಜಾಹೀರಾತುಗಳು 1931ರಲ್ಲಿ ಆರಂಭವಾದವು. ಕೆಂಪು ಉಡುಪಿನ ಸಾಂತಾ ಚಿತ್ರಗಳು ಅಮೆರಿಕದಲ್ಲಿ ಅದಕ್ಕೂ ಬಹಳ ಮೊದಲೇ ಅಚ್ಚಾಗಿದ್ದವು. ಬೇಕಿದ್ದರೆ ಸಾಂತಾನ ಮೂಲದಲ್ಲಿರುವ ಸಂತ ನಿಕೋಲಾಸರು ಬಿಷಪ್ ಆಗಿದ್ದ ಮೈರಾ ಪಟ್ಟಣ ಇಂದು ಯಾವ ದೇಶದಲ್ಲಿದೆಯೆಂದು ಕೇಳಿ. ಹಿಮದ ನಾಡಿನ ಹೆಸರುಗಳೆಲ್ಲ ಬಂದು ಹೋದ ಮೇಲೆ ಟರ್ಕಿ ಎಂದು ಹೇಳುವ ಸುಖ ನಿಮ್ಮದಾಗುತ್ತದೆ.

ಜನವರಿ 7ರ ಪ್ರಶ್ನೆಯನ್ನು ‘ರಷ್ಯಾದ ಆರ್ಥೊಡಾಕ್ಸ್ ಸಭೆ’ ಎಂದು ತಿದ್ದಿದರೆ ಸಾಕು. ಅವರು ಇಂದಿಗೂ ಅನುಸರಿಸುವ ಜೂಲಿಯನ್ ಪಂಚಾಂಗ ನಮ್ಮ ಕ್ಯಾಲೆಂಡರಿಗಿಂತ 13 ದಿನ ಹಿಂದಿರುವುದರಿಂದ ಅವರ ಡಿಸೆಂಬರ್ 25 ನಮಗೆ ಜನವರಿ 7 ಆಗುತ್ತದೆ. ಗ್ರೀಸಿನ ಆರ್ಥೊಡಾಕ್ಸರೂ ಕೇರಳದ ಮಲಂಕರ ಆರ್ಥೊಡಾಕ್ಸರೂ ನಮ್ಮೊಡನೆ ಡಿಸೆಂಬರ್ 25ರಂದೇ ಹಬ್ಬ ಮಾಡುತ್ತಾರೆ.

ಕೊಕ್ಕಿಸಾಂ ಅಚ್ಚು, ಉಡುಪಿ

ಮೇಷ್ಟ್ರು ಹೇಳಿದ್ದೆಲ್ಲ ಸರಿಯೇ, ಆದರೆ ಅದರಿಂದ ಅಜ್ಜಿಗೆ ಅಂಕ ಸಿಗುವುದಿಲ್ಲ. ಅಜ್ಜಿಗೆ ಗೊತ್ತಿರುವುದು ಕೈಯಲ್ಲಿ ಇರುತ್ತದೆ. ಪ್ರಶ್ನೆಯೂ ಅಲ್ಲಿಗೇ ಹೋಗಬೇಕು.

ನಮ್ಮ ಮನೆಯಲ್ಲಿ ಒಂದು ‘ಮುಟ್ಟುವ ಸುತ್ತು’ ಇದೆ. ಕಣ್ಣಿಗೆ ಬಟ್ಟೆ ಕಟ್ಟಿ, ತಟ್ಟೆಯಲ್ಲಿ ಐದಾರು ಬಗೆಯ ಕುಸ್ವಾರ್ ಇಟ್ಟು, ಮುಟ್ಟಿ ಹೆಸರು ಹೇಳಬೇಕೆನ್ನುತ್ತೇವೆ. ಅಚ್ಚಿನಿಂದ ಕರಿಯುವ ಹೂವಿನಾಕಾರದ ಕೊಕ್ಕಿಸಾಂ, ಚಕ್ಕುಲಿ ಎಲ್ಲರಿಗೂ ತಿಳಿಯುತ್ತವೆ. ಗೋಲಿಯಂಥ ಗುಳಿಯೊ ಮತ್ತು ಕಿಡ್ಯೊ ಬಂದಾಗ ನಗರದಿಂದ ಬಂದ ಮಕ್ಕಳು ತಡವರಿಸುತ್ತಾರೆ. ಕಿಡ್ಯೊ ಮಾಡುವಾಗ ಹಿಟ್ಟಿನ ಚಿಕ್ಕ ಉಂಡೆಯನ್ನು ಫೋರ್ಕಿನ ಅಥವಾ ಹೊಸ ಬಾಚಣಿಗೆಯ ಹಲ್ಲುಗಳ ಮೇಲೆ ಒತ್ತಿ ಸುರುಳಿ ಸುತ್ತುತ್ತಾರಷ್ಟೇ. ಆ ಗೆರೆಗಳು ಬೆರಳಿಗೆ ಸಿಕ್ಕಿದ ಕೂಡಲೇ ನಮ್ಮತ್ತೆ, ಬಟ್ಟೆ ಬಿಚ್ಚುವ ಮೊದಲೇ, ಇದನ್ನು ಸುತ್ತಿದವರು ಯಾರೆಂಬುದನ್ನೂ ಹೇಳಿಬಿಡುತ್ತಾರೆ. ಕಿಡ್ಯೊ ಎಂದರೆ ಕೊಂಕಣಿಯಲ್ಲಿ ಹುಳುಗಳು ಎಂದರ್ಥ, ಅದೂ ಒಂದು ಪ್ರಶ್ನೆಯಾದೀತು. ಉತ್ತರ ತಿಳಿದ ಮೇಲೆ ಚಿಕ್ಕ ಮಕ್ಕಳು ಹೆಚ್ಚೇ ತಿನ್ನುತ್ತಾರೆಂಬುದು ನನ್ನ ಅನುಭವ.

‘ಏಕೆ?’ ಎಂದು ಕೇಳುವ ಪ್ರಶ್ನೆಗಳೂ ಒಳ್ಳೆಯವು. ಕೊಕ್ಕಿಸಾಂ ಅಚ್ಚನ್ನು ಹಿಟ್ಟಿನಲ್ಲಿ ಪೂರ್ತಿ ಮುಳುಗಿಸಬಾರದು, ಏಕೆ? ಹಿಟ್ಟು ಅಚ್ಚಿನ ಮೇಲಂಚನ್ನು ದಾಟಿ ಮುಚ್ಚಿಕೊಂಡರೆ ಹೂವು ಎಣ್ಣೆಯಲ್ಲಿ ಬಿಟ್ಟುಕೊಳ್ಳುವುದೇ ಇಲ್ಲ. ಅದಕ್ಕೂ ಮುನ್ನ ಅಚ್ಚನ್ನು ಎಣ್ಣೆಯಲ್ಲಿ ಕಾಯಿಸುವುದೇಕೆ? ತಣ್ಣಗಿನ ಅಚ್ಚಿಗೆ ಹಿಟ್ಟು ಹಿಡಿಯುವುದಿಲ್ಲ. ಗೋದಲಿಯ ಹಸಿರಿಗಾಗಿ ರಾಗಿ ಅಥವಾ ಭತ್ತವನ್ನು ಎಷ್ಟು ದಿನ ಮೊದಲು ಬಿತ್ತಬೇಕು, ಊರಿನಲ್ಲಿ ಕ್ರಿಸ್ಮಸ್ ಮರಕ್ಕೆ ಯಾವ ಮರದ ಕೊಂಬೆ ಕಡಿದು ತರುತ್ತಿದ್ದರು ಎಂದು ಕೇಳಿ ನೋಡಿ. ಗಾಳಿಮರ ಎಂಬ ಉತ್ತರ ನಿಮ್ಮ ಹದಿನಾಲ್ಕರ ಪಂಡಿತನಿಗೆ ಹೊಳೆಯಲಿಕ್ಕಿಲ್ಲ. ಪ್ಲಮ್ ಕೇಕಿನಲ್ಲಿ ಪ್ಲಮ್ ಹಣ್ಣು ಏಕಿರುವುದಿಲ್ಲ ಎಂಬುದನ್ನೂ ಸೇರಿಸಿ: ಹಿಂದೆ ಇಂಗ್ಲಿಷಿನಲ್ಲಿ ಒಣದ್ರಾಕ್ಷಿಯನ್ನೂ ಪ್ಲಮ್ ಎನ್ನುತ್ತಿದ್ದರು.

ಮಸ್ಕತ್ತಿನಿಂದ ಒಬ್ಬ

ನಾನು ಪ್ರತಿ ವರ್ಷ ವಿಡಿಯೊ ಕರೆಯಲ್ಲಿ ಊರಿನ ರಸಪ್ರಶ್ನೆಗೆ ಸೇರಿಕೊಳ್ಳುವವನು. ಊರಿನಲ್ಲಿ ಊಟ ಮುಗಿದು ಮೂರು ಗಂಟೆಯಾದಾಗ ಇಲ್ಲಿ ಒಂದೂವರೆ; ಕಚೇರಿಯ ಬಿಡುವಿನಲ್ಲಿ, ಕಿವಿಗೆ ವೈರ್ ಸಿಕ್ಕಿಸಿಕೊಂಡು, ಮೆಟ್ಟಿಲ ಮೇಲೆ ಕುಳಿತು ಉತ್ತರಿಸುತ್ತೇನೆ. ದಯವಿಟ್ಟು ‘ಮೊದಲು ಕೂಗಿದವರಿಗೆ ಅಂಕ’ ಎಂಬ ನಿಯಮ ಇಟ್ಟುಕೊಳ್ಳಬೇಡಿ. ನನ್ನ ಧ್ವನಿ ಚಾವಡಿ ತಲುಪುವಷ್ಟರಲ್ಲಿ ಅಲ್ಲಿ ಮುಂದಿನ ಪ್ರಶ್ನೆ ಆರಂಭವಾಗಿರುತ್ತದೆ. ಎಲ್ಲರೂ ಚೀಟಿಯಲ್ಲಿ ಬರೆದು ಒಟ್ಟಿಗೆ ಎತ್ತಿ ತೋರಿಸುವಂತೆ ಮಾಡಿದರೆ ನನ್ನಂಥವರಿಗೂ ನಿಮ್ಮ ಅಜ್ಜಿಗೂ ಅನುಕೂಲ. ಅಜ್ಜಿ ಸೋಲುತ್ತಿರುವುದು ಅರಿವಿಗಲ್ಲ, ವೇಗಕ್ಕೆ ಎಂದು ನನಗೆ ಅನ್ನಿಸುತ್ತದೆ.

ಮೇಷ್ಟ್ರ ಮಾತಿಗೆ ನನ್ನದೊಂದು ಸಣ್ಣ ತಕರಾರು. ಸುವಾರ್ತೆಯಲ್ಲಿ ಇಲ್ಲದ್ದನ್ನೆಲ್ಲ ಬೇರ್ಪಡಿಸಿ ಕೇಳುತ್ತಾ ಹೋದರೆ ರಸಪ್ರಶ್ನೆ ಧರ್ಮೋಪದೇಶದ ತರಗತಿಯ ಪರೀಕ್ಷೆಯಾಗುತ್ತದೆ. ಅಂಥ ಪ್ರಶ್ನೆ ಒಂದೋ ಎರಡೋ ಇರಲಿ. ಉಳಿದವು ‘ಹೌದಾ!’ ಎನ್ನಿಸಬೇಕು. ನನ್ನ ಮೆಚ್ಚಿನದು ಇದು: ಲಂಡನ್ನಿನಲ್ಲಿ ಹೆನ್ರಿ ಕೋಲ್ ಮೊದಲ ಕ್ರಿಸ್ಮಸ್ ಶುಭಾಶಯ ಪತ್ರವನ್ನು ಅಚ್ಚು ಹಾಕಿಸಿದ ವರ್ಷದಲ್ಲೇ, ಅದೇ ಊರಿನಲ್ಲಿ ಚಾರ್ಲ್ಸ್ ಡಿಕನ್ಸನ ‘ಎ ಕ್ರಿಸ್ಮಸ್ ಕ್ಯಾರೊಲ್’ ಪ್ರಕಟವಾದ ವರ್ಷದಲ್ಲೇ, ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನ ಹರ್ಮನ್ ಮೊಗ್ಲಿಂಗ್ ಕನ್ನಡದ ಯಾವ ಪತ್ರಿಕೆಯನ್ನು ಆರಂಭಿಸಿದರು? ವರ್ಷ 1843, ಪತ್ರಿಕೆ ‘ಮಂಗಳೂರ ಸಮಾಚಾರ’. ಜುಲೈ 1ರ ಪತ್ರಿಕಾ ದಿನಾಚರಣೆ ನೆನಪಿರುವ ಹಿರಿಯರು ಒಂದು ತುದಿಯಿಂದ, ಇಂಗ್ಲಿಷ್ ಕಥೆ ಓದಿದ ಮಕ್ಕಳು ಇನ್ನೊಂದು ತುದಿಯಿಂದ ಉತ್ತರದ ಕಡೆಗೆ ಬರುತ್ತಾರೆ. ಚಿಕ್ಕವರಿಗಾಗಿ ಇನ್ನೊಂದು: ಬಾಹ್ಯಾಕಾಶದಲ್ಲಿ ಮೊದಲು ಬಾರಿಸಿದ ಕ್ರಿಸ್ಮಸ್ ಹಾಡು ಯಾವುದು? 1965ರ ಡಿಸೆಂಬರಿನಲ್ಲಿ ಜೆಮಿನಿ 6 ನೌಕೆಯ ಯಾತ್ರಿಗಳು ಹಾರ್ಮೋನಿಕಾ ಮತ್ತು ಪುಟ್ಟ ಗೆಜ್ಜೆಗಳಲ್ಲಿ ‘ಜಿಂಗಲ್ ಬೆಲ್ಸ್’ ನುಡಿಸಿದ್ದರು. ತಮಾಷೆಯೆಂದರೆ ಆ ಹಾಡಿನಲ್ಲಿ ಕ್ರಿಸ್ಮಸ್ ಎಂಬ ಪದವೇ ಇಲ್ಲ.

ನಿವೃತ್ತ ಮೇಷ್ಟ್ರು, ಧಾರವಾಡ

ಮಸ್ಕತ್ತಿನವರ ತಕರಾರನ್ನು ಒಪ್ಪಿದ್ದೇನೆ. ನಲವತ್ತು ವರ್ಷ ಪರೀಕ್ಷೆ ನಡೆಸಿದವನಿಂದ ಬೇರೇನು ಬಂದೀತು! ಒಂದೇ ಮಾತು ಸೇರಿಸುತ್ತೇನೆ: ಜಗಳ ಬಂದಾಗ ಅರ್ಧ ಅಂಕ ಕೊಟ್ಟು ಸಮಾಧಾನ ಮಾಡಲು ಹೋಗಬೇಡಿ. ತಮಗೇ ಅನ್ಯಾಯವಾಯಿತೆಂದು ಎರಡೂ ತಂಡಗಳು ನಂಬುತ್ತವೆ. ಎರಡು ಸರಿಯುತ್ತರ ಇರಬಹುದಾದ ಪ್ರಶ್ನೆಯಾದರೆ ಇಬ್ಬರಿಗೂ ಪೂರ್ತಿ ಅಂಕ ಕೊಟ್ಟುಬಿಡಿ.

ಗೋದಲಿ ಹುಲ್ಲು, ಮಂಗಳೂರು

ಎಲ್ಲರಿಗೂ ಕೃತಜ್ಞತೆಗಳು. ಕೋಕಾ ಕೋಲಾ ಹೊರಗೆ ಹೋಯಿತು, ರಷ್ಯಾ ಒಳಗೆ ಬಂದಿತು. ಚೀಟಿಯಲ್ಲಿ ಬರೆದು ಎತ್ತುವ ನಿಯಮವನ್ನು ಇಟ್ಟುಕೊಂಡಿದ್ದೇನೆ. ಅಜ್ಜಿಯ ಚೀಟಿಯನ್ನು ಅವರ ಪಕ್ಕದಲ್ಲಿ ಕೂರುವ ಏಳು ವರ್ಷದವಳು ಬರೆಯುತ್ತಾಳೆ, ಅವಳ ಕಾಗುಣಿತವನ್ನು ಯಾರೂ ಪ್ರಶ್ನಿಸಬಾರದೆಂದು ಮೊದಲೇ ಘೋಷಿಸುವವಳಿದ್ದೇನೆ.

ಮುಟ್ಟುವ ಸುತ್ತಿನ ತಾಲೀಮನ್ನು ನಿನ್ನೆ ಕಿಡ್ಯೊ ಸುತ್ತುವಾಗಲೇ ಮಾಡಿ ನೋಡಿದೆ. ಅಜ್ಜಿ ಕಣ್ಣು ಮುಚ್ಚಿಕೊಂಡು ಆರರಲ್ಲಿ ಆರನ್ನೂ ಹೇಳಿದರು. ಅಷ್ಟೇ ಅಲ್ಲದೆ ನಾನು ಮಾಡಿದ ಗುಳಿಯೊ ಒಂದನ್ನು ಬೆರಳುಗಳ ನಡುವೆ ಉರುಳಿಸಿ, ಇದಕ್ಕೆ ತೆಂಗಿನ ಹಾಲು ಕಡಿಮೆಯಾಗಿದೆ, ನಾಳೆಗೆ ಕಲ್ಲಾಗುತ್ತದೆ ಎಂದು ಪಕ್ಕಕ್ಕೆ ಇಟ್ಟರು. ಇಂದು ಬೆಳಿಗ್ಗೆ ನೋಡಿದರೆ ಕಲ್ಲೇ ಆಗಿದೆ.

ಜ್ಞಾನಿಗಳ ಪ್ರಶ್ನೆಯನ್ನು ಮೇಷ್ಟ್ರು ಹೇಳಿದಂತೆ ಎರಡಾಗಿ ಒಡೆದು, ಬಾಪ್ಪುವಿಗೆ ಫೋನ್ ಮಾಡಿ ಕಳೆದ ವರ್ಷದ ಅಂಕವನ್ನು ಹಿಂದಿರುಗಿಸುವುದಾಗಿ ತಿಳಿಸಿದೆ. ಆ ಅಂಕದಿಂದ ಪಂದ್ಯ ಸಮವಾಗುವುದರಿಂದ ಅರ್ಧ ನೆವ್ರಿಗಳು ತಮ್ಮ ತಂಡಕ್ಕೆ ಬರಬೇಕಿತ್ತೆಂದು ಅವರು ಲೆಕ್ಕ ಹಾಕಿಟ್ಟಿದ್ದಾರೆ. ಬಡ್ಡಿ ಸೇರಿ ಹದಿನಾಲ್ಕು ಬಾಕಿಯಂತೆ. ಡಬ್ಬಿ ತರುತ್ತೇನೆ, ಎಣಿಸಿ ಕೊಡು ಎಂದಿದ್ದಾರೆ.