‘ಮೌಂಟ್’ಗೆ ಒಂದು ಪದ ಬೇಕು: ಕೈಮರ ಆದೀತೆ?

ಬಳಗಕ್ಕೆ ನಮಸ್ಕಾರ.

ಕೈಯಲ್ಲಿ ಹಿಡಿಯುವ ಜಿಪಿಎಸ್ಸನ್ನು ಕಾರಿನೊಳಗೆ ಕೂರಿಸುವ ಮೌಂಟ್ ಒಂದರ ಬಳಕೆಚೀಟಿಯನ್ನು ಕನ್ನಡಕ್ಕೆ ತರಲು ಕೂತಿದ್ದೇನೆ. ಇರುವುದು ಎರಡೇ ಪುಟ. ಎರಡು ದಿನವಾದರೂ ತಲೆಬರಹ ದಾಟಿಲ್ಲ. ಬೇಸತ್ತು ಅನುವಾದದ ತಂತ್ರಾಂಶಕ್ಕೆ ಕೊಟ್ಟರೆ ‘ಆರೋಹಣವನ್ನು ಸ್ಥಾಪಿಸಿ’ ಎಂದಿತು. ಬಿಸಿಲೇರಿದಾಗ ರಬ್ಬರು ಬಿಟ್ಟುಕೊಂಡು ಇಡೀ ಸರಂಜಾಮು ಧೊಪ್ಪನೆ ಬೀಳುತ್ತದಲ್ಲ, ಅದು ಅವರೋಹಣ ಇರಬೇಕು.

ಮೊದಲ ತೊಡಕು ‘ಹ್ಯಾಂಡ್‌ಹೆಲ್ಡ್’. ಕೈಯಲ್ಲಿ ಹಿಡಿಯುವಂಥದ್ದು ಎನ್ನಲು ನಮ್ಮಲ್ಲಿ ಕೈಪಿಡಿ ಎಂಬ ಒಳ್ಳೆಯ ಪದವೇ ಇದೆ, ಆದರೆ ಅದನ್ನು ಪುಸ್ತಕಗಳು ಎಂದೋ ವಶಪಡಿಸಿಕೊಂಡಿವೆ. ಅದರಂತೆ ಹೋದರೆ ನಾನು ಬರೆಯುತ್ತಿರುವುದು ‘ಕೈಪಿಡಿಯ ಕೈಪಿಡಿ’. ಹಳಗನ್ನಡದ ಪಿಡಿ ಹಿಡಿಯಾದ ಮೇಲೂ ಈ ಪದದೊಳಗೆ ಪಕಾರ ಅಲ್ಲಾಡದೆ ಉಳಿಯಿತು. ಹೊಸ ರೂಪದಲ್ಲಿ ‘ಕೈಹಿಡಿ’ ಎಂದರೆ ಮದುವೆಯ ಮಾತಾಗುತ್ತದೆ. ಕೈಗನ್ನಡಿ, ಕೈಚೀಲ, ಕೈಗಡಿಯಾರಗಳ ಸಾಲಿನಲ್ಲಿ ‘ಕೈ ಜಿಪಿಎಸ್’ ಎಂದು ಬರೆದು ಮುಂದೆ ಹೋಗಿದ್ದೇನೆ. ತಮಾಷೆಯೆಂದರೆ, ಹೆಸರಲ್ಲೇ ಕೈ ಇರುವ ಈ ಸಾಧನವನ್ನು ಕೈಯಿಂದ ಬಿಡಿಸಲೆಂದೇ ಮೌಂಟ್ ಹುಟ್ಟಿದ್ದು. ಓಡಿಸುವವರ ಕೈ ಸ್ಟಿಯರಿಂಗ್ ಮೇಲಿರಬೇಕಲ್ಲ.

ಇನ್ನು ಮೌಂಟ್. ಎದುರಿಗಿಟ್ಟು ನೋಡಿದರೆ ಇದು ಒಂದು ವಸ್ತುವಲ್ಲ, ಮೂರು: ಗಾಜಿಗೆ ಕಚ್ಚುವ ಬುಡ, ಅದರಿಂದ ಹೊರಟ ತೋಳು, ತೋಳಿನ ತುದಿಯಲ್ಲಿ ಸಾಧನ ಕೂರುವ ಭಾಗ. ಮೂರಕ್ಕೂ ಚೀಟಿಯಲ್ಲಿ ಒಂದೇ ಹೆಸರು. ಸಾಲದ್ದಕ್ಕೆ ಅದೇ ಪದ ಕ್ರಿಯೆಯೂ ಹೌದು. ‘ಸ್ಟ್ಯಾಂಡ್’ ಎನ್ನುವವರಿದ್ದಾರೆ, ಆದರೆ ಇದು ನಿಲ್ಲುವುದಿಲ್ಲ, ಗಾಜಿನಿಂದ ಜೋತುಬೀಳುತ್ತದೆ. ಬಾಯಿಗೆ ಸುಲಭವಾಗಿ ಬರುವುದು ‘ಹೋಲ್ಡರ್’. ಇಡೀ ಸರಂಜಾಮಿಗೆ ಅದು ನನಗೂ ಒಪ್ಪಿಗೆ. ಕಷ್ಟ ಬರುವುದು ಬಿಡಿಭಾಗಗಳಲ್ಲಿ.

ಬುಡಕ್ಕೆ ‘ಹೀರುಬಟ್ಟಲು’ ಎಂದು ಎಲ್ಲೋ ಓದಿದ ನೆನಪು. ಚೆನ್ನಾಗಿದೆ, ಆದರೆ ಆಗುತ್ತಿರುವುದು ಹೀರುವುದೇ ಅಲ್ಲ. ರಬ್ಬರ್ ಬಟ್ಟಲನ್ನು ಗಾಜಿಗೆ ಒತ್ತಿ ಪಕ್ಕದ ಚಿಕ್ಕ ಹಿಡಿಕೆಯನ್ನು ಮಡಚಿದಾಗ ಬಟ್ಟಲಿನ ನಡುಭಾಗ ಹಿಂದಕ್ಕೆ ಸರಿಯುತ್ತದೆ. ಒಳಗಿನ ಜಾಗ ಹಿಗ್ಗಿ ಅಲ್ಲಿ ಒತ್ತಡ ಇಳಿಯುತ್ತದೆ, ಹೊರಗಿನ ಗಾಳಿ ಬಟ್ಟಲನ್ನು ಗಾಜಿಗೆ ಅದುಮುತ್ತದೆ. ಸಮುದ್ರಮಟ್ಟದಲ್ಲಿ ಈ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋ. 6 ಸೆಂ.ಮೀ. ಅಗಲದ ಬಟ್ಟಲೊಳಗೆ ಗಾಳಿಯೇ ಇಲ್ಲದಿದ್ದರೆ ಅದರ ಮೇಲೆ ಹತ್ತಿರಹತ್ತಿರ 28 ಕಿಲೋ ಭಾರ ಹೇರಿದಂತೆ. ಬೆರಳಿನ ಜಿಡ್ಡೋ ಒಂದು ಕಣ ಧೂಳೋ ಅಂಚಿನಲ್ಲಿದ್ದರೆ ಅಲ್ಲಿಂದ ಗಾಳಿ ನುಸುಳುತ್ತದೆ. ಒರೆಸಿದ ಮೇಲೇ ಒತ್ತಿ ಎನ್ನುವುದು ಅದಕ್ಕೆ. ಹಾಗಾಗಿ ಆಡುಮಾತಿನ ‘ಗಾಜಿಗೆ ಕಚ್ಚಿಕೊಂಡಿದೆ’ ಎಂಬುದೇ ನಿಜಕ್ಕೆ ಹತ್ತಿರ. ಜಿಗಣೆ ಕಚ್ಚಿಕೊಂಡಿತು ಎನ್ನುತ್ತೇವಲ್ಲ, ಹಾಗೆ. ‘ಕಚ್ಚುಬಟ್ಟಲು’ ಎಂದು ಬರೆದಿದ್ದೇನೆ. ನಕ್ಕರೆ ನಗಿ.

ಕ್ರಿಯಾಪದಕ್ಕೆ ಬರಗಾಲವಿಲ್ಲ, ಇರುವುದು ಅತಿವೃಷ್ಟಿ. ಇಬ್ಬದಿ ಅಂಟಿನ ಬಿಲ್ಲೆಯಾದರೆ ಅಂಟಿಸುತ್ತೇವೆ, ಏಸಿ ಕಿಂಡಿಯ ಪಟ್ಟಿಗಾದರೆ ಸಿಕ್ಕಿಸುತ್ತೇವೆ, ತೂಕದ ಮೇಲೆ ನಿಲ್ಲುವ ಚೀಲದಂಥದ್ದಾದರೆ ಸುಮ್ಮನೆ ಇಡುತ್ತೇವೆ. ಹೇಗೆ ಎಂಬುದು ಕ್ರಿಯಾಪದದಲ್ಲೇ ಬಂದುಬಿಡುವ ಭಾಷೆಯಲ್ಲಿ ಎಲ್ಲಕ್ಕೂ ‘ಅಳವಡಿಸಿ’ ಎಂದು ಬರೆಯಲು ಮನಸ್ಸು ಬರುವುದಿಲ್ಲ, ಸುತ್ತೋಲೆಯ ವಾಸನೆ. ‘ಸ್ಥಾಪಿಸಿ’ಯಂತೂ ಬೇಡ, ಅದು ವಿಗ್ರಹಕ್ಕೂ ಸಂಘಕ್ಕೂ ಇರಲಿ. ಒಂದೇ ಪದ ಬೇಕಾದ ಕಡೆ ‘ಕೂರಿಸು’ ಬಳಸಿದ್ದೇನೆ. ಉಂಗುರಕ್ಕೆ ಹರಳು ಕೂರಿಸುತ್ತೇವೆ, ಚೌಕಟ್ಟಿಗೆ ಬಾಗಿಲು ಕೂರಿಸುತ್ತೇವೆ. ಅಲ್ಲಾಡಬಾರದು ಎಂಬ ಅರ್ಥವೂ ಅದರೊಳಗೇ ಬರುತ್ತದೆ. ಚೀಟಿಯ ಎಚ್ಚರಿಕೆ ತಂತ್ರಾಂಶದ ಬಾಯಲ್ಲಿ ‘ಏರ್‌ಬ್ಯಾಗ್ ನಿಯೋಜನಾ ಪ್ರದೇಶದಲ್ಲಿ ಆರೋಹಿಸಬೇಡಿ’ ಎಂದಾಗಿತ್ತು. ನಾನು ಬರೆದದ್ದು: ‘ಏರ್‌ಬ್ಯಾಗ್ ಉಬ್ಬಿ ಬರುವ ಜಾಗದಲ್ಲಿ ಕೂರಿಸಬೇಡಿ. ಕಣ್ಣು ಮಿಟುಕಿಸುವಷ್ಟರಲ್ಲಿ ಅದು ಉಬ್ಬಿ, ಅಡ್ಡ ಇದ್ದುದನ್ನು ನಿಮ್ಮ ಮುಖಕ್ಕೆ ಎಸೆಯುತ್ತದೆ.’ ಉದ್ದವಾಯಿತು, ನಿಜ. ಓದಿದವರು ಮಾತ್ರ ಅಲ್ಲಿ ಕೂರಿಸಲಾರರು.

ತೋಳಿನ ತುದಿಯಲ್ಲಿ ಒಂದು ಗುಂಡು, ಅದು ಕುಳಿಯೊಳಗೆ ಕೂತು ಎತ್ತ ಬೇಕಾದರೂ ತಿರುಗುತ್ತದೆ, ನಮ್ಮ ಭುಜದ ಮೂಳೆಯ ಹಾಗೆ. ಹಲವು ಮೌಂಟ್‌ಗಳಲ್ಲಿ ಈ ಗುಂಡಿನ ಅಳತೆ 17 ಮಿ.ಮೀ. ‘ಗುಂಡುಕೀಲು’ ಸಾಕೆನಿಸಿತು.

ಮೂರನೆಯ ಭಾಗಕ್ಕೆ ಚೀಟಿಯಲ್ಲಿ ‘ಕ್ರೇಡಲ್’ ಎಂದೂ ಇದೆ. ತೊಟ್ಟಿಲು ಎನ್ನಲೆ? ತೊಟ್ಟಿಲು ಇರುವುದೇ ತೂಗಲು, ಇದು ತೂಗಿದರೆ ಪರದೆ ಓದಲಾಗದು. ಗೂಡು ಎಂದರೆ ಮುಚ್ಚಿದ ಹಾಗೆ ಕೇಳುತ್ತದೆ. ಎರಡೂ ಬದಿಯಿಂದ ಅವುಚಿ ಹಿಡಿಯುವ ಕವಲಿರುವುದರಿಂದ ‘ಕವೆ’ ಎನ್ನಬಹುದೇ ಎಂದು ಯೋಚಿಸುತ್ತಿದ್ದೇನೆ.

ಕೊನೆಗೆ ನನ್ನ ಹುಚ್ಚು. ಕವಲುದಾರಿಯಲ್ಲಿ ನಿಂತು, ತೋಳು ಚಾಚಿ, ಯಾವ ಊರು ಯಾವ ಕಡೆ ಎಂದು ತೋರಿಸುತ್ತಿದ್ದ ಕಂಬಕ್ಕೆ ಕೈಮರ ಎನ್ನುತ್ತಿದ್ದೆವು, ಕೆಲವೆಡೆ ಕೈಕಂಬ. ಮೌಂಟ್‌ಗೆ ತೋಳಿದೆ, ದಾರಿ ಗೊತ್ತಿಲ್ಲ. ಜಿಪಿಎಸ್‌ಗೆ ದಾರಿ ಗೊತ್ತು, ತೋಳಿಲ್ಲ. ಒಂದನ್ನು ಇನ್ನೊಂದರಲ್ಲಿ ಸಿಕ್ಕಿಸಿದ ಮೇಲೆ ಡ್ಯಾಶ್‌ಬೋರ್ಡಿನ ಮೇಲಿರುವುದು ಕೈಮರವೇ ಅಲ್ಲವೆ? ತಿದ್ದಲು ಕೊಟ್ಟ ಗೆಳೆಯರೊಬ್ಬರು ಆ ಪದಕ್ಕೆ ಅಡ್ಡಗೆರೆ ಎಳೆದು ‘ಓದುವವರು ರಸ್ತೆಯಲ್ಲಿ ಹುಡುಕುತ್ತಾರೆ’ ಎಂದು ಪಕ್ಕದಲ್ಲಿ ಬರೆದಿದ್ದಾರೆ. ತಲೆಬರಹಕ್ಕೆ ಸದ್ಯ ‘ಹೋಲ್ಡರ್ ಕೂರಿಸುವ ಬಗೆ’ ಎಂದಿಟ್ಟಿದ್ದೇನೆ.

ಕವೆ ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ? ತಿರುಪು ಬಿಗಿ ಮಾಡಿದ ಮೇಲೂ ಕೀಲು ಅಷ್ಟಿಷ್ಟು ಅಲ್ಲಾಡುವುದಕ್ಕೆ ಬಡಗಿಗಳು, ಮೆಕ್ಯಾನಿಕ್‌ಗಳು ಬಳಸುವ ಪದ ಯಾರಿಗಾದರೂ ಗೊತ್ತಿದ್ದರೆ ಅದನ್ನೂ ತಿಳಿಸಿ.