ಸ್ಮಾರ್ಟ್ ಕೀಯ ಸೆಲ್ ಪೂರ್ತಿ ಮುಗಿದಿದೆ: ಕಾರಿನ ಬಾಗಿಲು ತೆರೆದು ಎಂಜಿನ್ ಚಾಲೂ ಮಾಡುವುದು ಹೇಗೆ?

ಪ್ರಶ್ನೆ (ಶಿರಸಿಯವ)

ನಮಸ್ಕಾರ. ಶಿರಸಿಯಲ್ಲಿರುವ ನನ್ನ ತಂದೆಯವರ ಕಾರು ಗುಂಡಿ ಒತ್ತಿ ಚಾಲೂ ಮಾಡುವ ಬಗೆಯದು. ಕೀಯ ಬ್ಯಾಟರಿ ಕಡಿಮೆಯಾಗಿದೆ ಎಂಬ ಸೂಚನೆ ಡ್ಯಾಶ್‌ಬೋರ್ಡಿನಲ್ಲಿ ಕೆಲವು ವಾರಗಳಿಂದ ಬರುತ್ತಿತ್ತಂತೆ. ಇಂದು ಬೆಳಿಗ್ಗೆಯಿಂದ ಎಷ್ಟು ಒತ್ತಿದರೂ ಬಾಗಿಲು ತೆರೆಯುತ್ತಿಲ್ಲ, ಕೀಯ ಮೇಲಿನ ಚಿಕ್ಕ ದೀಪವೂ ಹೊತ್ತುತ್ತಿಲ್ಲ. ಎರಡನೆಯ ಕೀ ಬೆಂಗಳೂರಿನಲ್ಲಿ ನನ್ನ ಬಳಿ ಉಳಿದುಬಿಟ್ಟಿದೆ. ಕಾರನ್ನು ಹುಬ್ಬಳ್ಳಿಗೆ ಎಳೆಸಿಕೊಂಡು ಹೋಗಿ ಕೀಯನ್ನು ಮತ್ತೆ ಪ್ರೋಗ್ರಾಂ ಮಾಡಿಸಬೇಕು ಎಂದು ಪರಿಚಯದ ಮೆಕ್ಯಾನಿಕ್ ಒಬ್ಬರು ಹೇಳಿದ್ದಾರೆ. ನಾಳೆ ತಾಯಿಯವರನ್ನು ಆಸ್ಪತ್ರೆಗೆ ಕರೆದೊಯ್ಯಬೇಕಿದೆ. ಬಾಗಿಲಿನಲ್ಲಿ ಕೀ ತೂರಿಸುವ ರಂಧ್ರವೇ ಕಾಣುತ್ತಿಲ್ಲ ಎನ್ನುತ್ತಾರೆ. ಬೇರೆ ದಾರಿ ಇದೆಯೇ?

ಉತ್ತರ (ಘಟ್ಟದ ಗಾಡಿ)

ಎಳೆಸುವ ಅಗತ್ಯ ಖಂಡಿತ ಇಲ್ಲ. ಕೀಯ ಬದಿಯಲ್ಲೋ ಹಿಂಭಾಗದಲ್ಲೋ ಒಂದು ಸಣ್ಣ ಚಿಲಕವಿರುತ್ತದೆ. ಅದನ್ನು ಸರಿಸಿ ಹಿಡಿದು ಎಳೆದರೆ ಒಳಗಿನಿಂದ ಲೋಹದ ಕೀಲಿಕೈ ಹೊರಬರುತ್ತದೆ. ರಂಧ್ರ ಕಾಣದಿರುವುದಕ್ಕೆ ಕಾರಣವೆಂದರೆ, ಈಗಿನ ಹಲವು ಕಾರುಗಳಲ್ಲಿ ಚಾಲಕನ ಬಾಗಿಲಿನ ಹಿಡಿಕೆಯ ತುದಿಗೆ ಕಾರಿನದೇ ಬಣ್ಣದ ಮುಚ್ಚಳ ಹಾಕಿ ಅದನ್ನು ಮರೆಮಾಡಿರುತ್ತಾರೆ. ಆ ಮುಚ್ಚಳದ ಕೆಳಗಂಚಿನಲ್ಲಿ ಸೀಳಿನಂಥ ಕಿಂಡಿಯಿದ್ದರೆ, ಹಿಡಿಕೆಯನ್ನು ಎಳೆದು ಹಿಡಿದು ಕೀಲಿಕೈಯ ತುದಿಯನ್ನು ಅದರೊಳಗಿಟ್ಟು ಮೆಲ್ಲಗೆ ಮೀಟಲು ಹೇಳಿ. ಅವಸರಪಟ್ಟರೆ ಬಣ್ಣ ಕಿತ್ತುಬರುತ್ತದೆ.

ಬಾಗಿಲನ್ನು ಹೀಗೆ ತೆರೆದಾಗ ಕಳ್ಳತನದ ಅಲಾರಂ ಕೂಗಿಕೊಳ್ಳಬಹುದು. ಅಕ್ಕಪಕ್ಕದವರು ಇಣುಕಿ ನೋಡಿದರೂ ತಂದೆಯವರು ಗಾಬರಿಯಾಗಬೇಕಿಲ್ಲ. ಕಾರು ಕೀಯನ್ನು ಗುರುತಿಸಿದ ಕೂಡಲೇ ಅದು ನಿಲ್ಲುತ್ತದೆ.

ಉತ್ತರ (ತಂತಿಮನೆ)

ಎಂಜಿನ್ ವಿಷಯಕ್ಕೆ ಬರುತ್ತೇನೆ. ಕೀಯೊಳಗೆ ಎರಡು ಬೇರೆ ಬೇರೆ ವ್ಯವಸ್ಥೆಗಳಿವೆ. ದೂರದಿಂದ ಬಾಗಿಲು ತೆರೆಯುವ ರೇಡಿಯೊ ಸಂಕೇತಕ್ಕೆ ಸೆಲ್ ಬೇಕೇ ಬೇಕು. ಆದರೆ ಇಮೊಬಿಲೈಸರ್ (ಸರಿಯಾದ ಕೀ ಇಲ್ಲದೆ ಎಂಜಿನ್ ಚಾಲೂ ಆಗದಂತೆ ತಡೆಯುವ ವ್ಯವಸ್ಥೆ) ಗುರುತಿಸುವ ಪುಟ್ಟ ಚಿಪ್‌ಗೆ ಸ್ವಂತ ವಿದ್ಯುತ್ ಬೇಕಿಲ್ಲ: ಕಾರಿನಲ್ಲಿರುವ ಸುರುಳಿಯು ಸುಮಾರು 125 ಕಿಲೋಹರ್ಟ್ಸ್ ಆವರ್ತದ ಕಾಂತಕ್ಷೇತ್ರವನ್ನು ಹರಡುತ್ತದೆ, ಚಿಪ್ ಅದರಿಂದಲೇ ಶಕ್ತಿ ಪಡೆದು ತನ್ನ ಸಂಕೇತವನ್ನು ಹಿಂದಿರುಗಿಸುತ್ತದೆ. ಇದು ಕೆಲವೇ ಸೆಂಟಿಮೀಟರ್ ಅಂತರದಲ್ಲಿ ಮಾತ್ರ ಸಾಧ್ಯವಾದ್ದರಿಂದ, ಕೀ ಜೇಬಿನಲ್ಲಿದ್ದರೆ ಸಾಲದು, ಸುರುಳಿಗೆ ತಾಗಿಸಿ ಹಿಡಿಯಬೇಕು.

ಬಹಳಷ್ಟು ಕಾರುಗಳಲ್ಲಿ ಆ ಸುರುಳಿ ಇರುವುದು ಸ್ಟಾರ್ಟ್ ಗುಂಡಿಯ ಹಿಂದೆಯೇ. ಹ್ಯುಂಡೈ ಕಾರುಗಳಲ್ಲಿ ಕೀಯಿಂದಲೇ ಗುಂಡಿಯನ್ನು ಒತ್ತಬೇಕು. ಟೊಯೋಟಾದಲ್ಲಿ ಬ್ರೇಕ್ ತುಳಿದು, ಕೀಯ ಲಾಂಛನವಿರುವ ಬದಿಯನ್ನು ಗುಂಡಿಗೆ ತಾಗಿಸಿ, ಸದ್ದು ಬಂದ ಮೇಲೆ ಗುಂಡಿ ಒತ್ತಬೇಕು. ಇನ್ನು ಕೆಲವು ಕಾರುಗಳಲ್ಲಿ ಕೀ ಇಡುವ ಜಾಗ ಸ್ಟಿಯರಿಂಗ್ ಕಂಬದ ಮೇಲೋ ಲೋಟ ಇಡುವ ಗುಳಿಯ ತಳದಲ್ಲೋ ಇರುತ್ತದೆ. ಗ್ಲೋವ್ ಬಾಕ್ಸಿನಲ್ಲಿ ಮಲಗಿರುವ ಕೈಪಿಡಿಯನ್ನು ಯಾರಾದರೂ ತೆರೆದು ನೋಡಬೇಕಾದ ಅಪರೂಪದ ಸಂದರ್ಭ ಇದು. ಗೇರಿನ ಕಾರಾದರೆ ಕ್ಲಚ್ ಪೂರ್ತಿ ತುಳಿದಿರಬೇಕು. ಕೀಗೆ ಲೋಹದ ಕವಚವಿದ್ದರೆ ಮೊದಲು ತೆಗೆಯಿರಿ.

ಪ್ರಶ್ನೆ ಕೇಳಿದವರು

ತುಂಬಾ ಧನ್ಯವಾದಗಳು. ಮುಚ್ಚಳ ಸಿಕ್ಕಿತು, ಬಾಗಿಲು ತೆರೆಯಿತು, ಕೀಯನ್ನು ಗುಂಡಿಗೆ ಒತ್ತಿ ಹಿಡಿದಾಗ ಎಂಜಿನ್ ಕೂಡ ಚಾಲೂ ಆಯಿತು. ಸೆಲ್ ತೆಗೆದರೆ ಪ್ರೋಗ್ರಾಂ ಅಳಿಸಿಹೋಗುತ್ತದೆಯೇ? ದಾರಿಯಲ್ಲಿ ಎಂಜಿನ್ ತಾನಾಗಿ ನಿಂತುಬಿಡುವ ಅಪಾಯವಿದೆಯೇ?

ಉತ್ತರ (ತಂತಿಮನೆ)

ಒಮ್ಮೆ ಚಾಲೂ ಆದ ಎಂಜಿನ್ ಕೀಯ ಸೆಲ್ ಮುಗಿದ ಕಾರಣಕ್ಕೆ ನಿಲ್ಲುವುದಿಲ್ಲ. ಎಚ್ಚರಿಕೆಯ ಸದ್ದು ಬರಬಹುದು, ಅಷ್ಟೆ. ಎಂಜಿನ್ ಆರಿಸಿದ ಮೇಲೆ ಮತ್ತೆ ಇದೇ ಕ್ರಮ ಅನುಸರಿಸಬೇಕು. ಚಿಪ್‌ನ ಸಂಕೇತ ಸೆಲ್ ತೆಗೆದರೂ ಅಳಿಯುವುದಿಲ್ಲ, ಆದ್ದರಿಂದ ಸಾಮಾನ್ಯವಾಗಿ ಪ್ರೋಗ್ರಾಂ ಮಾಡಿಸುವ ಮಾತೇ ಬರುವುದಿಲ್ಲ.

ಉತ್ತರ (ಘಟ್ಟದ ಗಾಡಿ)

ಸೆಲ್ಲಿಗೆ ಗಡಿಯಾರದ ಅಂಗಡಿ ಸಾಕು. ಹಲವು ಕೀಗಳಿಗೆ ಬೇಕಾಗುವುದು 3 ವೋಲ್ಟಿನ ಸಿಆರ್2032, ಆದರೂ ಹಳೆಯ ಸೆಲ್ಲಿನ ಮೇಲೆ ಅಚ್ಚಾಗಿರುವ ಸಂಖ್ಯೆಯನ್ನೇ ಕೇಳಿ ತನ್ನಿ. ಸಿಆರ್2025 ಅಷ್ಟೇ ಅಗಲವಿದ್ದರೂ 3.2 ಮಿಲಿಮೀಟರ್ ಬದಲು 2.5 ಮಿಲಿಮೀಟರ್ ದಪ್ಪವಿರುವುದರಿಂದ ಒಳಗೆ ಸರಿಯಾಗಿ ತಾಗದೆ ಕೈಕೊಡುತ್ತದೆ. ಸ್ಕ್ರೂಡ್ರೈವರಿನ ತುದಿಗೆ ಬಟ್ಟೆ ಸುತ್ತಿ ಕೀಯ ಕವಚವನ್ನು ಬಿಡಿಸಿ, ಧನ ಚಿಹ್ನೆ ಯಾವ ಕಡೆಗಿತ್ತೆಂದು ನೋಡಿಕೊಂಡು ಹೊಸದನ್ನು ಕೂರಿಸಲಿ.

ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಹಳೆಯ ಸೆಲ್ಲನ್ನು ಮೇಜಿನ ಮೇಲೆ ಬಿಡಬೇಡಿ. ನುಂಗಿದ ಸೆಲ್ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಗಳಲ್ಲಿ ಗಂಭೀರ ಸುಟ್ಟಗಾಯವಾಗಬಲ್ಲದು. ನಿಮ್ಮ ಬಳಿಯಿರುವ ಎರಡನೆಯ ಕೀಯ ಸೆಲ್ಲೂ ಕಾರಿನಷ್ಟೇ ಹಳೆಯದಾಗಿದ್ದರೆ, ಶಿರಸಿಗೆ ಕಳುಹಿಸುವ ಮೊದಲೇ ಬದಲಾಯಿಸಿಬಿಡಿ.